ನೆತ್ತಿಯ ಕಲ್ಲು
(ಉಪನ್ಯಾಸದ ಬರಹರೂಪ)



ಕುದುರೆ ಸವಾರರು ಧೂಳೆಬ್ಬಿಸಿಕೊಂಡು ಓಡುವ ಹಳೆಯ ಹಾಲಿವುಡ್ ಚಿತ್ರಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅವುಗಳ ಕಥೆ ಮರೆತುಹೋಗಿರಬಹುದು, ಹಿನ್ನೆಲೆ ಮರೆಯುವಂಥದ್ದಲ್ಲ. ಬಟ್ಟಬಯಲಿನ ನಡುವೆ ಯಾರೋ ಎತ್ತಿ ನಿಲ್ಲಿಸಿದಂತೆ ಬಿಡಿಬಿಡಿಯಾಗಿ ನಿಂತ ಕೆಂಪು ಗುಡ್ಡಗಳು. ಗೋಡೆಯಂತೆ ನೆಟ್ಟಗಿನ ಮೈ, ಕೊಯ್ದಿಟ್ಟಂತೆ ಸಮತಟ್ಟಾದ ತಲೆ, ಬುಡದಲ್ಲಿ ಸೀರೆಯ ನೆರಿಗೆ ಹರಡಿದಂಥ ಇಳಿಜಾರು. 1939ರಲ್ಲಿ ಜಾನ್ ಫೋರ್ಡ್ ತಮ್ಮ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಇವನ್ನು ತೋರಿಸಿದ ಮೇಲೆ ಜಗತ್ತಿಗೆ ಅಮೆರಿಕದ ಮರುಭೂಮಿ ಎಂದರೆ ಇದೇ ಎಂದಾಯಿತು. ಆರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿರುವ ಈ ಜಾಗದ ಹೆಸರು ಮಾನ್ಯುಮೆಂಟ್ ವ್ಯಾಲಿ. ಇಂಥ ಗುಡ್ಡವನ್ನು ಅಲ್ಲಿ ಬ್ಯೂಟ್ ಎನ್ನುತ್ತಾರೆ. ನಾವು ಒಂಟಿಗುಡ್ಡ ಎಂದುಕೊಳ್ಳೋಣ.

ಗುಡ್ಡ ಎಂದೊಡನೆ ನೆಲದಿಂದ ಮೇಲಕ್ಕೆ ಎದ್ದದ್ದು ಎಂದು ನಾವು ಭಾವಿಸುತ್ತೇವೆ. ಇಲ್ಲಿ ಹಾಗಲ್ಲ. ಗುಡ್ಡ ಎದ್ದಿಲ್ಲ, ಸುತ್ತಲಿನ ನೆಲ ಹೋಗಿಬಿಟ್ಟಿದೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಪ್ರವಾಸಿಗಳು ಹೆಚ್ಚಾಗಿ ಚಿತ್ರ ತೆಗೆಯುವ ಮೂರು ಗುಡ್ಡಗಳನ್ನು ನೋಡಿ. ಕೈಗವಸಿನಂತೆ ಕಾಣುವ ಪೂರ್ವ ಮತ್ತು ಪಶ್ಚಿಮ ಮಿಟನ್ ಎರಡು, ಮೂರನೆಯದು ಮೆರಿಕ್. ಮೂರರ ತುದಿಯೂ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿವೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ 20 ಮೀಟರಿನ ಒಳಗೆ. ಒಂದು ಕಾಲಕ್ಕೆ ಇವೆಲ್ಲ ಒಂದೇ ಹಾಸು. ಈಗ ಉಳಿದಿರುವುದು ತುಂಡುಗಳು. ದೊಡ್ಡ ತುಂಡನ್ನು ಮೇಸಾ ಎನ್ನುತ್ತಾರೆ, ಸ್ಪ್ಯಾನಿಷ್ ಭಾಷೆಯಲ್ಲಿ ಮೇಜು ಎಂದರ್ಥ. ಮೇಸಾ ಅಂಚುಗಳಲ್ಲಿ ಕುಸಿಯುತ್ತ ಸಣ್ಣದಾದರೆ ಒಂಟಿಗುಡ್ಡ, ಅದೂ ಸವೆದರೆ ಕಂಬ, ಕಂಬವೂ ಬಿದ್ದರೆ ಮಣ್ಣಿನ ದಿಬ್ಬ. ಈ ನಾಲ್ಕು ಅವಸ್ಥೆಗಳನ್ನೂ ಅಲ್ಲಿ ಅಕ್ಕಪಕ್ಕದಲ್ಲೇ ಕಾಣಬಹುದು.

ಇನ್ನು ಗುಡ್ಡದ ಮೈ. ಬುಡದ ಇಳಿಜಾರು ಆರ್ಗನ್ ರಾಕ್ ಎಂಬ ಮೆತ್ತನೆಯ ಜೇಡಿಗಲ್ಲು. ಅದರ ಮೇಲಿನ ಕಡಿದಾದ ಗೋಡೆ ಡಿ ಶೇ ಎಂಬ ಮರಳುಗಲ್ಲು. ಬಾದಾಮಿಯ ಗುಹೆಗಳನ್ನು ನೋಡಿದವರು ಕೆಂಪು ಮರಳುಗಲ್ಲಿನ ಗೋಡೆಯನ್ನು ಕೈಯಿಂದಲೇ ಮುಟ್ಟಿರುತ್ತಾರೆ. ಆದರೆ ಬಾದಾಮಿಯದು ಬಹಳ ಹಳೆಯ ಕಲ್ಲು, ಬಹುಮಟ್ಟಿಗೆ ನದಿಗಳು ತಂದು ಹಾಸಿದ ಮರಳು. ಡಿ ಶೇ ಗಾಳಿ ಕಟ್ಟಿದ್ದು. ಸುಮಾರು 28 ಕೋಟಿ ವರ್ಷಗಳ ಹಿಂದೆ ಆ ನೆಲ ಭೂಮಧ್ಯರೇಖೆಯ ಸಮೀಪದಲ್ಲಿತ್ತು, ಆಗಲೂ ಮರುಭೂಮಿಯೇ ಆಗಿತ್ತು. ಮರಳದಿಣ್ಣೆಗಳ ಓರೆ ಗೆರೆಗಳು ಇಂದಿಗೂ ಗೋಡೆಯ ಮೇಲೆ ಕಾಣುತ್ತವೆ. ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡಿನಿಂದ ಕೆಂಪು ಬಣ್ಣ ಬಂತು. ಗೋಡೆಯ ಮೇಲೆ ಡಾಂಬರು ಸುರಿದಂತೆ ಕಾಣುವ ಕಪ್ಪು ಪಟ್ಟೆಗಳು ಮ್ಯಾಂಗನೀಸಿನದು.

ಎಲ್ಲಕ್ಕಿಂತ ಮೇಲೆ, ಉಳಿದಿರುವ ಕಡೆ, ಒಂದು ತೆಳು ಟೋಪಿ ಇದೆ. ಮೊಯೆನ್‌ಕೋಪಿ ಎಂಬ ಕೆಂಪು ಮಣ್ಣಿನ ಪದರ, ಅದರ ನೆತ್ತಿಯಲ್ಲಿ ಶಿನಾರಂಪ್ ಎಂಬ ಬೆಣಚುಗಲ್ಲು, ಮರಳು ಬೆರೆತು ಗಟ್ಟಿಯಾದ ಪದರ. ಸುಮಾರು 22 ಕೋಟಿ ವರ್ಷಗಳ ಹಿಂದೆ ಹರಿದ ನದಿಗಳ ಪಾತ್ರವದು. ಚಿತ್ರದಲ್ಲಿ ಇದು ಒಂದು ಕಂದು ಗೆರೆಯಾಗಿ ಮಾತ್ರ ಕಾಣುತ್ತದೆ, ಹೆಚ್ಚಿನವರು ಗಮನಿಸುವುದೇ ಇಲ್ಲ. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳಲಿರುವ ಕಥೆ ಅದರದೇ.

ಗೋಡೆ ಇಷ್ಟು ನೆಟ್ಟಗಿರುವುದೇಕೆ? ಮರಳುಗಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಬಿರುಕುಗಳಿವೆ. ಬುಡದ ಜೇಡಿಗಲ್ಲು ಸುಲಭವಾಗಿ ಸವೆಯುತ್ತದೆ. ಕಾಲ ಕೆಳಗಿನ ಮಣ್ಣು ಸರಿದಾಗ ಬಿರುಕಿನ ಹೊರಗಿನ ಬಂಡೆ ಹಲಗೆಯಂತೆ ಕಳಚಿ ಬೀಳುತ್ತದೆ, ಒಳಗಿನಿಂದ ಹೊಸ ಗೋಡೆ, ಮತ್ತೆ ನೆಟ್ಟಗೆ, ಹೊರಬರುತ್ತದೆ. ನೆತ್ತಿಯ ಗಟ್ಟಿ ಕಲ್ಲು ಮಳೆಯನ್ನು ತಡೆಯುವ ಕೊಡೆ. ಅದು ಇರುವವರೆಗೆ ತಲೆ ಸಮತಟ್ಟು, ಅದು ಹೋದ ಮೇಲೆ ಗುಡ್ಡ ಬೇಗ ಕರಗತೊಡಗುತ್ತದೆ. ಬೇಗ ಎಂದದ್ದು ಭೂವಿಜ್ಞಾನಿಯ ಲೆಕ್ಕದಲ್ಲಿ!

ಮರುಭೂಮಿಯಲ್ಲಿ ಇದನ್ನೆಲ್ಲ ಕೊರೆಯುವುದು ಗಾಳಿ ಎಂಬ ನಂಬಿಕೆ ಇದೆ. ಗಾಳಿಯ ಪಾಲು ಸಣ್ಣದು, ಕೆಲಸ ಮಾಡುವುದು ನೀರು. ವರ್ಷಕ್ಕೆ ಬೀಳುವ ಮಳೆ 250 ಮಿಲಿಮೀಟರಿಗೂ ಕಡಿಮೆ, ನಮ್ಮ ಬರದ ಚಳ್ಳಕೆರೆಗೂ ಇದಕ್ಕಿಂತ ಹೆಚ್ಚು ಬರುತ್ತದೆ. ಪೆಸಿಫಿಕ್ ಸಾಗರದ ತೇವವನ್ನು ನಡುವಿನ ಪರ್ವತಗಳು ಹಿಂಡಿಕೊಂಡುಬಿಡುತ್ತವೆ. ಆದರೆ ಬರುವ ಮಳೆಯಲ್ಲಿ ಒಂದು ದೊಡ್ಡ ಪಾಲು ಜುಲೈನಿಂದ ಸೆಪ್ಟೆಂಬರ್ ನಡುವೆ ಮಧ್ಯಾಹ್ನದ ಗುಡುಗುಮಳೆಯಾಗಿ ಒಮ್ಮೆಗೇ ಸುರಿಯುತ್ತದೆ. ಹವಾಮಾನ ತಜ್ಞರು ಅದನ್ನೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಗಿಡಮರಗಳ ಬೇರಿನ ಹಿಡಿತವಿಲ್ಲದ ನೆಲವನ್ನು ಆ ನೀರು ಕೆರೆದುಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಹಿಮವೂ ಬೀಳುವುದುಂಟು. ಹಗಲು ಕರಗಿ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ, ಕಲ್ಲುಕುಟಿಗನ ಬೆಣೆಯ ಹಾಗೆ.

ಭೂಗೋಳದ ಪಾಠ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಲ್ಲಿ ಜನರಿದ್ದಾರೆ. ಚಿತ್ರಗಳಲ್ಲಿ ಗುಡ್ಡದ ಹಿಂದಿನಿಂದ ಬಂದು ಗುಂಡಿಗೆ ಬಲಿಯಾಗುವ ‘ಇಂಡಿಯನ್ನರ’ ಪಾತ್ರವನ್ನು ಎಷ್ಟೋ ಸಲ ಕೂಲಿಗೆ ಮಾಡಿದವರು ಇವರೇ. ಹೊರಗಿನವರು ನವಾಹೋ ಎನ್ನುತ್ತಾರೆ, ಅವರು ತಮ್ಮನ್ನು ಕರೆದುಕೊಳ್ಳುವುದು ದಿನೇ ಎಂದು. 1864ರಲ್ಲಿ ಅಮೆರಿಕದ ಸೈನ್ಯ ಇವರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ತಮ್ಮ ನೆಲಕ್ಕೆ ಹಿಂತಿರುಗಿದರು. ಇಂದು ಅವರ ನಾಡು ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ದೊಡ್ಡದು, ಮಾನ್ಯುಮೆಂಟ್ ವ್ಯಾಲಿ 1958ರಿಂದ ಅವರದೇ ಆಡಳಿತದ ಉದ್ಯಾನ.

ಹೊರಗಿನವರ ಕಣ್ಣು ಮೊದಲು ಬಿದ್ದದ್ದು ಬೆಳ್ಳಿಯ ಮೇಲೆ. ಮೆರಿಕ್ ಮತ್ತು ಮಿಚೆಲ್ ಎಂಬಿಬ್ಬರು ಬೆಳ್ಳಿ ಹುಡುಕುತ್ತ ಬಂದು 1880ರಲ್ಲಿ ಅಲ್ಲೇ ಸತ್ತರು, ಗುಡ್ಡಗಳಿಗೆ ಅವರ ಹೆಸರು ಉಳಿಯಿತು. ಆದರೆ ಅಲ್ಲಿದ್ದ ನಿಧಿ ಬೇರೆಯೇ. ನೆತ್ತಿಯ ಶಿನಾರಂಪ್ ಪದರದ ಹಳೆಯ ನದಿಪಾತ್ರಗಳಲ್ಲಿ ಕೊಚ್ಚಿ ಬಂದ ಮರದ ದಿಮ್ಮಿಗಳು ಹೂತುಹೋಗಿದ್ದವು. ಅಂತರ್ಜಲದಲ್ಲಿ ಕರಗಿ ಬಂದ ಯುರೇನಿಯಂ ಆ ಕೊಳೆತ ಮರ ಸಿಕ್ಕಿದಲ್ಲಿ ತಂಗಿ ಗಟ್ಟಿಯಾಯಿತು. ದಿನೇ ಜನ ಅದನ್ನು ಲೀಟ್ಸೋ, ಅಂದರೆ ಹಳದಿ ಮಣ್ಣು, ಎನ್ನುತ್ತಾರೆ. 1940ರ ದಶಕದಲ್ಲಿ ಅಣುಬಾಂಬಿನ ಓಟ ಆರಂಭವಾದಾಗ ಈ ಮಣ್ಣಿಗೆ ಬೆಲೆ ಬಂತು. ಗುಡ್ಡಗಳಿಗೆ ಟೋಪಿಯಾಗಿದ್ದ ಅದೇ ಪದರವನ್ನು ಸುತ್ತಲಿನ ಮೇಸಾಗಳಲ್ಲಿ ಕೊರೆಯತೊಡಗಿದರು. 1944ರಿಂದ 1986ರವರೆಗೆ ದಿನೇ ನಾಡಿನಿಂದ ಹೊರಬಂದ ಅದಿರು 3 ಕೋಟಿ ಟನ್ನಿನಷ್ಟು.

ಕೆಲಸಕ್ಕೆ ಹೋದವರು ಕುರಿ ಸಾಕುತ್ತಿದ್ದ ಯುವಕರು. ಮದ್ದು ಸಿಡಿಸಿದ ಧೂಳು ಅಡಗುವ ಮೊದಲೇ ಒಳಗೆ ಹೋಗುತ್ತಿದ್ದರು, ಬಂಡೆಯಿಂದ ಜಿನುಗಿದ ನೀರನ್ನು ಕುಡಿಯುತ್ತಿದ್ದರು. ಗಣಿಯ ಗಾಳಿಯಲ್ಲಿನ ರೇಡಾನ್ ಅನಿಲ ಶ್ವಾಸಕೋಶವನ್ನು ಕೆಡಿಸುತ್ತದೆ ಎಂದು ಯಾರೂ ಅವರಿಗೆ ಹೇಳಲಿಲ್ಲ. ಹೇಳುವುದಕ್ಕೂ ವಿಕಿರಣಕ್ಕೆ ಅವರ ಭಾಷೆಯಲ್ಲಿ ಪದವಿರಲಿಲ್ಲ ನಿಜ. ಆದರೆ ಯುರೋಪಿನ ಗಣಿಗಾರರಲ್ಲಿ ಈ ರೋಗವನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. 1950ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಗಣಿ ಕಾರ್ಮಿಕರ ಅಧ್ಯಯನ ಆರಂಭಿಸಿ ರಕ್ತ ಪರೀಕ್ಷಿಸಿತು, ದಾಖಲೆ ಇಟ್ಟಿತು, ಅಪಾಯವಿದೆಯೆಂಬುದನ್ನು ಮಾತ್ರ ಅವರಿಂದ ಮುಚ್ಚಿಟ್ಟಿತು. ನನಗೆ ಈ ಕಥೆಯಲ್ಲಿ ಅತ್ಯಂತ ಕ್ರೂರವಾಗಿ ಕಂಡದ್ದು ಈ ಸಂಗತಿಯೇ. ಸಿಗರೇಟಿನ ರೂಢಿ ಕಡಿಮೆಯಿದ್ದ ಸಮುದಾಯದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹಬ್ಬಿತು.

1990ರಲ್ಲಿ ಪರಿಹಾರದ ಕಾನೂನು ಬಂತು. ಗಂಡನನ್ನು ಕಳೆದುಕೊಂಡವರು ಅರ್ಜಿ ಹಾಕಿದರೆ ಮದುವೆಯ ಪ್ರಮಾಣಪತ್ರ ಕೇಳಿದರು. ಹಿರಿಯರ ಮುಂದೆ ತಮ್ಮ ಶಾಸ್ತ್ರದಂತೆ ಮದುವೆಯಾದವರ ಬಳಿ ಕಾಗದ ಎಲ್ಲಿಂದ ಬರಬೇಕು? ಸರ್ಕಾರಿ ಕಚೇರಿಯ ಕಿಟಕಿಗಳು ಎಲ್ಲ ದೇಶದಲ್ಲೂ ಒಂದೇ ಅಳತೆಯವೆಂದು ಕಾಣುತ್ತದೆ. ಆ ಕಾನೂನಿನ ಅವಧಿ 2024ರಲ್ಲಿ ಮುಗಿದು, 2025ರಲ್ಲಿ ಮತ್ತೆ ಜಾರಿಗೆ ಬಂತು. ದಿನೇ ಸರ್ಕಾರ 2005ರಲ್ಲೇ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನು ನಿಷೇಧಿಸಿತು.

ಬಿಟ್ಟುಹೋದ ಗಣಿಗಳು 500ಕ್ಕೂ ಹೆಚ್ಚು. ಅವುಗಳ ಬಾಯಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳು ಒಳ್ಳೆಯ ಅಳತೆಯವಾಗಿದ್ದವು, ಸುತ್ತಲಿನವರು ಅವನ್ನು ಹೊತ್ತು ತಂದು ಮನೆಗೆ ಪಾಯ ಹಾಕಿದರು, ಗೋಡೆ ಕಟ್ಟಿದರು, ಒಲೆ ಹೂಡಿದರು. 2008ರಿಂದ ಅಧಿಕಾರಿಗಳು ವಿಕಿರಣ ಅಳೆಯುವ ಯಂತ್ರ ಹಿಡಿದು ಮನೆಮನೆಗೂ ಹೋಗಿ, ಹೆಚ್ಚು ತೋರಿಸಿದ ಮನೆಗಳನ್ನು ಕೆಡವಿ ಬೇರೆ ಕಟ್ಟಿಸಿಕೊಡತೊಡಗಿದರು. ಆ ಕೆಲಸ ಆರಂಭವಾಗುವ ಹೊತ್ತಿಗೆ ಅಂಥ ಗೋಡೆಗಳ ನಡುವೆ ಹುಟ್ಟಿದ ಮಕ್ಕಳು ಅಜ್ಜ ಅಜ್ಜಿಯರಾಗಿದ್ದರು.