ಏನಾಗಿ ಹೋದ ಅಂತ ಕೇಳಿದರೆ



ಚೌಡಾಪುರದ ಈ ಸಭೆಗೆ ಬರುವ ಮುನ್ನ ಇದೇ ಸೀಮೆಯ ಒಂದು ಮನೆಗೆ ಹೋಗಿ ಅಪ್ಪಣೆ ಕೇಳಿ ಬಂದಿದ್ದೇನೆ. ಊರು, ಹೆಸರು ಬೇಡ. ಬೆಳೆದ ಮಗನನ್ನು ಕಳೆದುಕೊಂಡ ಮನೆ. ಪುಣೆಗೆ ದುಡಿಯಲು ಹೋದ ಹುಡುಗ ನೋವಿನ ಮಾತ್ರೆಯ ಚಟ ಹತ್ತಿಸಿಕೊಂಡು ಬಂದ. ಮಣ್ಣಿಗೆ ಬಂದವರೆಲ್ಲ ಕೇಳಿದರು: "ಏನಾಗಿತ್ತು?" ಅಪ್ಪ ಎಲ್ಲರಿಗೂ ಹೇಳಿದ್ದು: "ಹಾರ್ಟ್ ಆಯ್ತ್ರಿ."

"ಅದನ್ನ ಹೇಳಿ ಹೇಳಿ ಮಗ ಹ್ಯಾಂಗ ಹೋದ ಅಂಬೋದು ನನಗೇ ಮರತಂಗ ಆಗ್ಯಾದ್ರಿ" ಎಂದರು ಅವರು ನನ್ನ ಮುಂದೆ.

ಹಾವು ಕಚ್ಚಿ ಸತ್ತವನ ಮನೆಯಲ್ಲಿ ನಾವು ತಿಂಗಳುಗಟ್ಟಲೆ ಕೂತು ಅವನ ಬಾಲ್ಯದಿಂದ ಹಿಡಿದು ಎಲ್ಲವನ್ನೂ ನೆನೆಯುತ್ತೇವೆ. ಇಂಥ ಮನೆಯಲ್ಲಿ ಚಹಾ ಕುಡಿದು ಬೇಗ ಏಳುತ್ತೇವೆ. ಅಮೆರಿಕದ ಕೆನ್ನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ತಂದರು: ಅಳುವ ಹಕ್ಕನ್ನೇ ಸಮಾಜ ಕೊಡದ ದುಃಖ. ಆ ಹಕ್ಕನ್ನು ಕಸಿದವರು ಹೊರಗಿನವರಲ್ಲ, ಕಟ್ಟೆಯ ಮೇಲೆ ಕೂತ ನಾವೇ.

ತಾಯಿ ಹೇಳಿದ್ದನ್ನು ನೀವು ಕೇಳಲೇಬೇಕು. ಮಗ ಮೂರು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಮನೆಗೆ ಬಂದಿದ್ದ, ಮೈ ತುಂಬಿಕೊಂಡಿದ್ದ. ಆ ಕೊನೆಯ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದ. "ಎಷ್ಟು ದಿನಕ್ಕ ನಿದ್ದಿ ಹತ್ಯಾದ ಅಂತ ಎಬ್ಬಿಸಲಿಲ್ರಿ, ಕೌದಿ ಹೊಚ್ಚಿ ಬಂದೆ."

ತಾಯಂದಿರೆ, ಅದು ನಿದ್ದೆಯ ಗೊರಕೆ ಆಗಿರಲಿಲ್ಲ. ಅಫೀಮಿನ ಗುಣದ ಮಾತ್ರೆಗಳು ಅತಿಯಾದರೆ ಉಸಿರಾಟವನ್ನೇ ನಿಧಾನ ಮಾಡುತ್ತವೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ, ತುಟಿ ನೀಲಿಗಟ್ಟುತ್ತದೆ, ಅಲುಗಾಡಿಸಿದರೂ ಎಚ್ಚರವಾಗುವುದಿಲ್ಲ. ಕೆಲವು ತಿಂಗಳು ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಅದೇ ಲೆಕ್ಕದಲ್ಲಿ ಮತ್ತೆ ನುಂಗಿದರೆ ಜೀವಕ್ಕೇ ಎರವು. ಕೇಂದ್ರದಿಂದ ಮರಳಿದ ಮೊದಲ ವಾರಗಳೇ ಹೆಚ್ಚು ಅಪಾಯದವು. ಇಂಥ ಗೊರಕೆ ಕೇಳಿದರೆ ಕೂಡಲೇ 108ಕ್ಕೆ ಫೋನು ಮಾಡಿ ಮಗ್ಗುಲಾಗಿ ಮಲಗಿಸಬೇಕು. ಈ ಅಮಲನ್ನು ಇಳಿಸುವ ನಲಾಕ್ಸೋನ್ ಎಂಬ ಔಷಧಿಯಿದೆ. ಇಷ್ಟನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ. ನನಗೆ ತೀರಾ ಸಿಟ್ಟು ಬರುವುದು ಇಲ್ಲಿ.

ಮಾದಕ ವಸ್ತುವಿನ ಚಟ ಬೆಂಗಳೂರಿನ ರೋಗ ಅನ್ನಬೇಡಿ. 2020ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಕಾಳಗಿ ತಾಲ್ಲೂಕಿನ ಕುರಿ ಫಾರ್ಮೊಂದರಲ್ಲಿ ಪೊಲೀಸರು ಹಿಡಿದ ಗಾಂಜಾ ಸಾವಿರ ಕಿಲೋಗೂ ಹೆಚ್ಚು.

ಮನೆಯವರು ಬಾಯಿ ಬಿಡದಿರಲು ಪೊಲೀಸರ ಭಯವೂ ಕಾರಣ. ಆದರೆ 1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಮು ಇದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ಆ ಮೊಕದ್ದಮೆ ನಡೆಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದಿಂದ ಬರುವ ಮನೋಸ್ಥಿತಿಯನ್ನೂ ಕಾಯಿಲೆಯೊಳಗೇ ಎಣಿಸುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಬಾಯಿ ಬಿಡಿಸಿದವರೂ ನಮ್ಮಲ್ಲೇ ಇದ್ದರು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಕೇರಿ ಕೇರಿಗೆ ಹೊರಟರು. ಕಾಳು ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಅಂದರು. ಅವರು ಹುಟ್ಟಿದ ಆಗಸ್ಟ್ 1 ಈಗ ನಾಡಿಗೇ ವ್ಯಸನಮುಕ್ತ ದಿನ. ಆ ಜೋಳಿಗೆಯ ದೊಡ್ಡತನ ನನಗೆ ಕಂಡದ್ದು ಹೀಗೆ: ಚಟವನ್ನು ಅದಕ್ಕೆ ಹಾಕಬೇಕಾದರೆ ನಾಲ್ಕು ಜನರ ಎದುರು ಅದರ ಹೆಸರು ಹೇಳಲೇಬೇಕು, ಮತ್ತು ಸ್ವಾಮಿಗಳು ಅದನ್ನು ಕೇಳಿ ಮುಖ ತಿರುಗಿಸುತ್ತಿರಲಿಲ್ಲ.

ನಮ್ಮ ಪಕ್ಕದ ಗಾಣಗಾಪುರದಲ್ಲೂ ಮಧ್ಯಾಹ್ನದ ಜೋಳಿಗೆ ಇದೆ, ಮಧುಕರಿ. ದತ್ತನೇ ಯಾವ ರೂಪದಲ್ಲೋ ಭಿಕ್ಷೆಗೆ ಬರುತ್ತಾನೆಂದು ಜನ ನಂಬಿ ನೀಡುತ್ತಾರೆ. ಮಗ ಬದುಕಿದ್ದಾಗ ಗಾಳಿ ಸೋಕಿದೆ ಎಂದು ಆ ತಾಯಿ ಅವನನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದರು. ದೇವರಲ್ಲಿಗೆ ಹೋದದ್ದು ತಪ್ಪಲ್ಲ. ಡಾಕ್ಟರ ಬಳಿಗೆ ತಡವಾಗಿ ಹೋದದ್ದು ನೋವು.

ಹೊರಡುವಾಗ ಕೇಳಿದೆ, ಸಭೆಯಲ್ಲಿ ಹೇಳಲೇನವ್ವಾ ಎಂದು. ರೊಟ್ಟಿ ಬಡಿಯುತ್ತಿದ್ದರು. "ಹೇಳ್ರಿ. ಗುಳಿಗಿ ತಿಂದು ಹೋದ ಅಂತನೇ ಹೇಳ್ರಿ" ಎಂದರು. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಬೇರೆ ಅರಿವೆಯಲ್ಲಿ ಸುತ್ತಿಟ್ಟರು. "ಇವು ಅವನ ಪಾಲಿನವು. ಗುರುವಾರ ಅದ ನೋಡ್ರಿ, ಗಾಣಗಾಪುರಕ್ಕ ಹೋಗಿ ಯಾರದರ ಜೋಳಿಗ್ಯಾಗ ಹಾಕಿ ಬರ್ತೀನಿ."