ಹೊಲಿಗೆ ಮಾಯ್ದರೂ ಕೈ ಯಾಕೆ ಮೇಲೇಳ್ತಿಲ್ಲ?

ಇವತ್ತಿನ ಮಾತು ಭುಜದ ಬಗ್ಗೆ. ಜಿಮ್‌ನಲ್ಲಿ ಬೆಳೆಸೋ ಭುಜ ಅಲ್ಲ, ಸ್ತನ ಕ್ಯಾನ್ಸರ್‌ ಆಪರೇಷನ್ ಆದಮೇಲೆ ಬಿಗಿದುಕೊಂಡು ಕೂತುಬಿಡೋ ಭುಜ. ‘ಇದು ನನಗ್ಯಾಕೆ’ ಅಂತ ಸ್ಕಿಪ್ ಮಾಡಬೇಡಿ. ಮನೇಲಿ ಅವ್ವ, ಚಿಗವ್ವ, ಅಕ್ಕ ಇದ್ದಾರಲ್ಲ? ನಾಳೆ ಅವರ ಪಕ್ಕದಲ್ಲಿ ಕೂತು ಈ ವ್ಯಾಯಾಮ ಮಾಡಿಸೋರು ನೀವೇ ಆಗಬಹುದು.

ನಮ್ಮ ಚಿಗವ್ವನ ಊರು ಪಟ್ಟದಕಲ್ಲು. ವಿರೂಪಾಕ್ಷ ಗುಡಿಗೆ ಹೊರಟರೆ ಇಳಕಲ್ ಸೀರೆಯ ಸೆರಗು ತಲೆ ಮೇಲೆ ಬರಲೇಬೇಕು. ಬಲಗಡೆ ಆಪರೇಷನ್ ಆಯ್ತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಮನೆಗೆ ಬಂದ ದಿನದಿಂದ ಎಲ್ಲರದೂ ಒಂದೇ ಮಾತು: ‘ಕೈ ಅಲ್ಲಾಡಿಸಬ್ಯಾಡ ಯವ್ವಾ, ಹೊಲಿಗಿ ಬಿಚ್ಚತೈತಿ.’ ನಾನೂ ಅದನ್ನೇ ಹೇಳಿದೆ. ನೀರಿನ ಚೊಂಬು ಕೂಡ ಎತ್ತಲು ಬಿಡಲಿಲ್ಲ. ವ್ಯಾಯಾಮದ ಚಿತ್ರ ಇದ್ದ ಹಾಳೆಯನ್ನ ಆಸ್ಪತ್ರೆಯವರು ಕೊಟ್ಟಿದ್ದರು. ಅದು ಫೈಲಿನೊಳಗೇ ಉಳೀತು.

ಒಂದೂವರೆ ತಿಂಗಳಿಗೆ ಗಾಯ ಮಾಯಿತು. ಆದರೆ ಕೈ ಭುಜದ ಮಟ್ಟಕ್ಕೂ ಏಳ್ತಿರಲಿಲ್ಲ. ತಲೆ ಬಾಚಲು, ಜಂಪರ್ ತೊಡಲು ಇನ್ನೊಬ್ಬರು ಬೇಕು. ನಿಜವಾದ ಪೆಟ್ಟು ಬಿದ್ದದ್ದು ರೇಡಿಯೇಷನ್‌ಗೆ ಹೋದಾಗ. ಸಾಮಾನ್ಯವಾಗಿ ಅಲ್ಲಿ ಅಂಗಾತ ಮಲಗಿ ಕೈಯನ್ನು ತಲೆಯ ಮೇಲೆತ್ತಿ ಇಟ್ಟುಕೊಳ್ಳಬೇಕು, ದಿನಾ ಅದೇ ಭಂಗಿಯಲ್ಲಿ. ಚಿಗವ್ವನಿಗೆ ಆಗಲಿಲ್ಲ. ಮೊದಲು ಭುಜ ಸಡಿಲ ಮಾಡಿಕೊಂಡು ಬನ್ನಿ ಅಂದರು. ಕ್ಯಾನ್ಸರ್ ಚಿಕಿತ್ಸೆಯೇ ಭುಜಕ್ಕಾಗಿ ಕಾಯಬೇಕಾಯ್ತು. ನಮ್ಮ ಪ್ರೀತಿಯೇ ಆಕೆಯ ಕೈ ಕಟ್ಟಿತ್ತು.

ಹೀಗ್ಯಾಕಾಗುತ್ತೆ? ಗಾಯ ಮಾಯುವಾಗ ಒಳಗಿನ ಚರ್ಮ, ಸ್ನಾಯು ಎಳೆದು ಬಿಗಿಯಾಗುತ್ತವೆ. ನೋವಿನ ಭಯಕ್ಕೆ ನಾವು ಎದೆ ಕುಗ್ಗಿಸಿ, ಕೈಯನ್ನ ಮೈಗೆ ಅಂಟಿಸಿಕೊಂಡು ಕೂರ್ತೀವಿ. ಬಳಸದ ಕೀಲು ಇನ್ನಷ್ಟು ಬಿಗಿಯುತ್ತದೆ. ಕೆಲವರಿಗೆ ಕಂಕುಳಿಂದ ಮೊಳಕೈವರೆಗೆ ಚರ್ಮದಡಿ ಹುರಿಯಂಥ ಗೆರೆ ಎದ್ದು ಎಳೆಯುತ್ತದೆ. ಅದು ಕಂಡರೆ ಹೆದರಬೇಡಿ, ಆದರೆ ಡಾಕ್ಟರಿಗೆ ತೋರಿಸಿ.

ಈಗ ವ್ಯಾಯಾಮಕ್ಕೆ ಬರೋಣ. ಯಾವುದನ್ನು ಯಾವಾಗ ಶುರು ಮಾಡಬೇಕು ಅಂತ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.

ಮೊದಲ ದಿನಗಳಲ್ಲಿ ಸಣ್ಣ ಚಲನೆ ಸಾಕು. ಮುಷ್ಟಿ ಕಟ್ಟಿ ಬಿಡುವುದು, ಮೊಳಕೈ ಮಡಚಿ ಚಾಚುವುದು, ಭುಜ ಮೇಲೆತ್ತಿ ಇಳಿಸುವುದು, ಮೆಲ್ಲಗೆ ಹಿಂದಕ್ಕೆ ತಿರುಗಿಸುವುದು. ಗಾಯದ ನೀರು ಹೊರಹೋಗಲು ಹಾಕಿರೋ ಪೈಪು ತೆಗೆಯೋ ತನಕ ಸಾಮಾನ್ಯವಾಗಿ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿಸಲ್ಲ.

ಪೈಪು ತೆಗೆದು, ಡಾಕ್ಟರು ಹ್ಞೂಂ ಅಂದಮೇಲೆ ಮೂರು ಎಳೆತ.

ಒಂದು, ಕೋಲು. ಅಂಗಾತ ಮಲಗಿ, ಮಂಡಿ ಮಡಚಿ. ಉದ್ದನೆಯ ಕೋಲನ್ನೋ ಮಡಚಿದ ದೊಡ್ಡ ಕೊಡೆಯನ್ನೋ ಎರಡೂ ಕೈಯಲ್ಲಿ ಹಿಡಿದು ತಲೆಯ ಹಿಂದಕ್ಕೆ ಒಯ್ಯಿರಿ. ಚೆನ್ನಾಗಿರೋ ಕೈ ಇನ್ನೊಂದು ಕೈಗೆ ಆಸರೆ. ಎಳೆತ ಗೊತ್ತಾದಲ್ಲಿ 5 ಸೆಕೆಂಡ್ ನಿಲ್ಲಿ, ಇಳಿಸಿ. 5ರಿಂದ 7 ಸಲ.

ಎರಡು, ಮೊಳಕೈ ಬಿಚ್ಚುವುದು. ಹಾಗೇ ಮಲಗಿ ಎರಡೂ ಕೈಯನ್ನ ಕತ್ತಿನ ಹಿಂದೆ ಹೆಣೆಯಿರಿ. ಮೊಳಕೈಗಳು ಮಾಳಿಗೆ ನೋಡ್ತಿರಲಿ. ಅವನ್ನ ಮೆಲ್ಲಗೆ ಎರಡು ಬದಿಗೆ, ಹಾಸಿಗೆಯತ್ತ ಬಿಚ್ಚಿ. ಮತ್ತೆ 5ರಿಂದ 7 ಸಲ.

ಮೂರು, ಗೋಡೆ ಹತ್ತುವುದು. ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನ ಇರುವೆ ಹತ್ತಿದ ಹಾಗೆ ಮೇಲಕ್ಕೆ ನಡೆಸಿ. ತಲುಪಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ತಾರೀಖು ಬರೆಯಿರಿ. ಚೆನ್ನಾಗಿರೋ ಕೈ ಎಲ್ಲಿವರೆಗೆ ಹೋಗುತ್ತೋ ಅದೇ ಗುರಿ.

ಎಳೆದ ಹಾಗೆ ಅನಿಸಬೇಕು, ಚುಚ್ಚಿದ ಹಾಗಲ್ಲ. ಜರ್ಕ್ ಬೇಡ, ಉಸಿರು ಕಟ್ಟಬೇಡಿ. ಬಿಸಿನೀರು ಮೈಮೇಲೆ ಹಾಕಿಕೊಂಡ ಮೇಲೆ ಮಾಡಿದರೆ ಸ್ನಾಯು ಸಡಿಲವಾಗಿರುತ್ತೆ. ರೇಡಿಯೇಷನ್ ಮುಗಿದ ಮೇಲೂ ಬಿಗಿತ ಮರಳಬಹುದು, ಹಾಗಾಗಿ ಅಭ್ಯಾಸ ಬಿಡಬೇಡಿ.

ಕೈ ಊದಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಇದು ಸ್ತನದ ಆಪರೇಷನ್ ಆದವರಿಗೆ. ಭುಜದ ಹರಿದ ಸ್ನಾಯು ಹೊಲಿಸಿಕೊಂಡವರು, ಎದೆ ತೆರೆದು ಹೃದಯದ ಆಪರೇಷನ್ ಮಾಡಿಸಿಕೊಂಡವರು ಇದನ್ನ ನೋಡಿ ಮಾಡಬಾರದು. ಅವರ ನಿಯಮವೇ ಬೇರೆ.

ನಮ್ಮೂರ ಕಡೆ ಹೆಣ್ಮಕ್ಕಳು ಎದೆಯ ನೋವನ್ನ ಬಾಯಿಬಿಟ್ಟು ಹೇಳಲ್ಲ. ‘ಆರಾಮ ಅದೀನಿ’ ಅಂತಾರೆ. ಹಾಗಾಗಿ ಕೇಳಬೇಡಿ, ನೋಡಿ. ತಲೆ ಯಾವ ಕೈಯಲ್ಲಿ ಬಾಚ್ತಾರೆ? ಮೇಲಿನ ಗೂಡಿನ ಡಬ್ಬಿ ಯಾರು ಇಳಿಸ್ತಾರೆ? ಫೈಲ್ ತೆಗೆದು ಆ ಹಾಳೆ ಹುಡುಕಿ, ಫೋನಲ್ಲಿ ಅಲಾರಂ ಇಡಿ, ಜೊತೆಗೆ ನೀವೂ ಗೋಡೆ ಹತ್ತಿ.

ಚಿಗವ್ವನ ಅಡುಗೆಮನೆ ಗೋಡೆ ಮೇಲೆ ಗೀಟುಗಳು ಒಂದರ ಮೇಲೊಂದು ಏರಿದವು. ಮೂರು ವಾರಕ್ಕೆ ರೇಡಿಯೇಷನ್ ಶುರುವಾಯ್ತು. ಈ ಸಲ ಬನಶಂಕರಿ ಜಾತ್ರೆಗೆ ಹೊರಟಾಗ ಸೆರಗು ಹೊದಿಸಲು ನಾನು ಕೈ ಚಾಚಿದೆ. ‘ಸರಿಯಪ್ಪ ಅತ್ಲಾಗ’ ಅಂದಳು. ಬಲಗೈ ತಾನೇ ಮೇಲೆದ್ದಿತು. ಸುಣ್ಣ ಹೊಡೆಸಿದರೂ ಆ ಗೋಡೆ ಒಂದನ್ನ ಹಾಗೇ ಬಿಡಿಸಿದ್ದಾಳೆ.