ಹಳೆಯ ಅಟ್ಟ, ಹೊಸ ಹಲಗೆ

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯ ನೇರವಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗುತ್ತದೆ. ಆ ಹೊತ್ತಿನ ಬಿಸಿಲನ್ನು ತಾಳಬೇಕಾದುದು ಗೋಡೆಯಲ್ಲ, ಸೂರು.

ಇದನ್ನು ಹಿಂದಿನವರು ಬಲ್ಲವರಾಗಿದ್ದರು. 1882ರಲ್ಲಿ ಮೈಸೂರಿನ ಅರಸರು ನೀಡಿದ ನೆಲದಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಮೊದಲಾದ ವೈಟ್‌ಫೀಲ್ಡಿನ ಹಳೆಯ ಬಂಗಲೆಗಳಲ್ಲಿ, ಮರದ ತೊಲೆ ರೀಪುಗಳ ಮೇಲೆ ಹಂಚು ಹೊದಿಸಿದ ಎತ್ತರದ ಮಾಡನ್ನು ಕಾಣುತ್ತೇವೆ. ಮಲೆನಾಡಿನ ಮನೆಯಲ್ಲಾದರೆ ಹಂಚಿನ ಕೆಳಗೆ ಅಟ್ಟ. ಹಂಚು ಕಾದರೂ ನಡುವಿನ ಗಾಳಿ ಆ ಕಾವನ್ನು ಸುಲಭವಾಗಿ ಕೆಳಗಿಳಿಯಗೊಡದು.

ಇಂದು ಎರಡು ತಗಡುಗಳ ನಡುವೆ ಗಟ್ಟಿ ನೊರೆ ತುಂಬಿದ ಪಫ್ ಹಲಗೆಗಳು ಬಂದಿವೆ. ತತ್ತ್ವ ಹಳೆಯದೇ: ನೊರೆಯ ಸಣ್ಣ ಗುಳ್ಳೆಗಳಲ್ಲಿ ಸೆರೆಯಾದ ಅನಿಲವು ಕಾವನ್ನು ತಡೆಯುತ್ತದೆ. ಅಟ್ಟವೇ ನಾಲ್ಕು ಬೆರಳ ದಪ್ಪಕ್ಕೆ ಇಳಿದಂತೆ. ಮರದ ಚೌಕಟ್ಟಿನ ಮನೆಗೆ ಇದು ಹಗುರವಾದ ಹೊದಿಕೆ. ಆದರೆ ಎರಡು ಎಚ್ಚರ ಬೇಕು. ಮರದ ಕಂಬ ಕಲ್ಲಿನ ಪೀಠದ ಮೇಲೆ ನಿಲ್ಲಬೇಕು, ಇಲ್ಲವಾದರೆ ಗೆದ್ದಲು ಬಿಡದು. ನೊರೆ ಬೆಂಕಿಗೆ ತುತ್ತಾಗುವಂಥದು, ಒಲೆಯ ಬಳಿ ಸಲ್ಲದು.

ಕಳೆದ ಬೇಸಗೆಯಲ್ಲಿ ಪೀಣ್ಯದ ಹಳೆಯ ಶಿಷ್ಯನೊಬ್ಬನ ಬಾಡಿಗೆ ಮನೆಗೆ ಹೋಗಿದ್ದೆ. ಮೇಲೆ ಒಂಟಿ ತಗಡು. ಮಗುವನ್ನು ಬೀದಿಯ ಹೊಂಗೆಯ ನೆರಳಿನಲ್ಲಿ ಮಲಗಿಸಿದ್ದರು. "ಪಫ್ ಹಲಗೆ ನಮ್ಮ ಕಾರ್ಖಾನೆಯಲ್ಲಿದೆ ಸಾರ್, ಯಂತ್ರಗಳ ಮೇಲೆ" ಎಂದು ನಕ್ಕ. ನನಗೆ ನಗಲಾಗಲಿಲ್ಲ. ಆ ತಗಡಿನ ಕೆಳಗೆ ಗಾಳಿಗೆ ಎಡೆ ಬಿಟ್ಟು ಬಿದಿರ ತಟ್ಟಿಯೊಂದನ್ನು ಕಟ್ಟಿಸಿದ್ದರೂ ಮಗು ಒಳಗೆ ಮಲಗಬಹುದಾಗಿತ್ತು. ಬಾಡಿಗೆ ಪಡೆಯುವವರು ಇಷ್ಟನ್ನಾದರೂ ಯೋಚಿಸಲಾರರೆ?